ಮಾರ್ಲಿನ್ 336 ಕ್ಲಾಸಿಕ್: ನೂರೈವತ್ತು ಗಜದ ಕಾಡುಕೋವಿ

ಅಮೆರಿಕದ ಪೆನ್ಸಿಲ್ವೇನಿಯಾದಂಥ ರಾಜ್ಯಗಳ ಓಕ್ ಕಾಡಿನಲ್ಲಿ ಬಿಳಿಬಾಲದ ಜಿಂಕೆ ಕಣ್ಣಿಗೆ ಬೀಳುವುದೇ ಐವತ್ತು, ಎಂಬತ್ತು ಗಜದಲ್ಲಿ. ಅಲ್ಲಿಗೆ ನಾನೂರು ಗಜ ಹೊಡೆಯುವ ರೈಫಲ್ ಹೊತ್ತು ಹೋಗುವುದು ಅಂಗಳ ಗುಡಿಸಲು ಟ್ರ್ಯಾಕ್ಟರ್ ತಂದ ಹಾಗೆ. ಲಿವರ್ ಎಳೆದು ತೋಟೆ ಏರಿಸುವ ಹಳೇ ಮಾದರಿಯ ಕೋವಿಗಳು ಇಂದಿಗೂ ಮಾರಾಟವಾಗುವುದು ಈ ಕಾರಣಕ್ಕೆ. ಅವುಗಳಲ್ಲಿ ಹೊಸದಾಗಿ ಕೊಳ್ಳುವವರಿಗೆ ನಮ್ಮ ಮೊದಲ ಸಲಹೆ ಮಾರ್ಲಿನ್ 336 ಕ್ಲಾಸಿಕ್, ಅದೂ .30-30 ವಿಂಚೆಸ್ಟರ್ ತೋಟೆಯದು.

336 ಮೊದಲು ಬಂದದ್ದು 1948ರಲ್ಲಿ. 2020ರಲ್ಲಿ ಮಾರ್ಲಿನ್‌ನ ಒಡೆತನ ಹೊಂದಿದ್ದ ರೆಮಿಂಗ್ಟನ್ ದಿವಾಳಿಯಾದಾಗ ಮಾರ್ಲಿನ್ ಹೆಸರನ್ನು ರೂಗರ್ ಕಂಪನಿ ಕೊಂಡಿತು, 2023ರಲ್ಲಿ ಈ ಕ್ಲಾಸಿಕ್ ಮಾದರಿಯನ್ನು ಹೊರತಂದಿತು. ನಾರ್ತ್ ಕೆರೊಲಿನಾದ ಮೇಯೊಡನ್‌ನಲ್ಲಿ ತಯಾರಾಗುತ್ತದೆ. ನಳಿಗೆ 20.25 ಇಂಚು, ತೂಕ 7.5 ಪೌಂಡ್, ಅಂದರೆ ಸುಮಾರು 3.4 ಕಿಲೋ. ಕೊಳವೆಯಲ್ಲಿ 6 ತೋಟೆ, ನಳಿಗೆಯಲ್ಲಿ ಇನ್ನೊಂದು. ಹಿಡಿ ಕಪ್ಪು ವಾಲ್‌ನಟ್ ಮರದ್ದು. ಬಿಡುಗಡೆಯಾದಾಗ ಕಂಪನಿ ನಮೂದಿಸಿದ ಬೆಲೆ 1,239 ಡಾಲರ್. ಅಗ್ಗದ್ದಲ್ಲ, ಆದರೆ ಮರ ಮತ್ತು ಕಬ್ಬಿಣ ಕೂಡುವ ಸಂದಿಯಲ್ಲಿ ಉಗುರು ಆಡಿಸಿದರೆ ದುಡ್ಡು ಎಲ್ಲಿ ಹೋಗಿದೆ ಎಂದು ತಿಳಿಯುತ್ತದೆ.

ತೋಟೆಯ ವಿಷಯದಲ್ಲಿ ತಪ್ಪಬಾರದ ಒಂದು ಮಾತಿದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೆ ಒಂದು ಮಲಗಿರುತ್ತವೆ; ಒಂದರ ಗುಂಡಿನ ಮೂತಿ ಮುಂದಿನದರ ಕೇಪಿಗೆ (ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಬಿಲ್ಲೆಗೆ) ತಾಗಿಕೊಂಡಿರುತ್ತದೆ. ಚೂಪು ಮೂತಿಯ ಗಟ್ಟಿ ಗುಂಡಾದರೆ ಈಡಿನ ಒದೆತಕ್ಕೆ ಅದು ಕೇಪನ್ನು ಚುಚ್ಚಿ ಕೊಳವೆಯೊಳಗೇ ಸಿಡಿಯಬಹುದು. ಆದ್ದರಿಂದ ಚಪ್ಪಟೆ ಮೂತಿಯ ಗುಂಡೇ ಇರಲಿ: ಗುಂಡಿನ ತೂಕ 150 ಗ್ರೇನ್ (ವೇಗ ಸೆಕೆಂಡಿಗೆ ಸುಮಾರು 2,390 ಅಡಿ) ಅಥವಾ 170 ಗ್ರೇನ್ (ಸುಮಾರು 2,200 ಅಡಿ). ಹಾರ್ನಡಿಯ ಲಿವರೆವಲ್ಯೂಷನ್ ತೋಟೆಯದು ಚೂಪು ಮೂತಿಯೇ, ಆದರೆ ತುದಿ ರಬ್ಬರಿನಂತೆ ಮೆತ್ತಗಿರುವುದರಿಂದ ಅಪಾಯವಿಲ್ಲ. 160 ಗ್ರೇನ್‌ನ ಆ ಗುಂಡು 2,400 ಅಡಿ ವೇಗದಲ್ಲಿ ಹೊರಟು ಐವತ್ತು ಗಜವಾದರೂ ಹೆಚ್ಚು ದೂರ ನೇರವಾಗಿ ಸಾಗುತ್ತದೆ. ಡಬ್ಬಿಯ ಮೇಲಿನ ಅಂಕಿಗಳು ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಗೆಯವು. ಈ ಕೋವಿಯಲ್ಲಿ ಸ್ವಲ್ಪ ಕಡಿಮೆಯೇ ಸಿಗುತ್ತದೆ.

ಗುರಿ ಹಿಡಿಯಲು ಕಾರ್ಖಾನೆಯವರು ಕೊಡುವ ಸೈಟ್ ನಮಗೆ ಒಗ್ಗಲಿಲ್ಲ. ಹಿಂದೆ ಕೊಂಬಿನಾಕಾರದ ಪಟ್ಟಿ, ಮುಂದೆ ಹಿತ್ತಾಳೆ ಮಣಿ. ನೋಡಲು ಚೆಂದ. ಲೆಕ್ಕ ಹಾಕಿ: ಕಣ್ಣಿನಿಂದ 30 ಇಂಚು ದೂರದ ಮಣಿ 1/16 ಇಂಚು ಅಗಲವಿದ್ದರೆ ನೂರು ಗಜದಲ್ಲಿ ಏಳೂವರೆ ಇಂಚನ್ನು ಮುಚ್ಚುತ್ತದೆ. ಜಿಂಕೆಯ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗವೇ ಸುಮಾರು ಎಂಟು ಇಂಚು. ಸಂಜೆ ಮಬ್ಬಿನಲ್ಲಿ ಗುರಿಯೇ ಮಾಯ. ರಿಸೀವರ್ (ನಳಿಗೆಯ ಹಿಂದಿನ, ಯಂತ್ರಭಾಗ ಕೂತ ಲೋಹದ ಪೆಟ್ಟಿಗೆ) ಮೇಲೆ ಕೂರಿಸುವ ತೂತಿನ ಸೈಟ್ (ವಿಲಿಯಮ್ಸ್, ಸ್ಕಿನ್ನರ್‌ನವು ಸಿಗುತ್ತವೆ) ಹಾಕಿಸಿದರೆ ಅರ್ಧ ತೊಂದರೆ ತೀರುತ್ತದೆ. ವಯಸ್ಸಾದ ಕಣ್ಣಿಗೆ 1ರಿಂದ 4 ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ದುರ್ಬೀನೇ ಸರಿ. 336ರ ಬೆನ್ನು ಮುಚ್ಚಿದ್ದು, ಖಾಲಿ ಕೇಸ್ ಬಲಬದಿಗೆ ಹಾರುತ್ತದೆ. ಹೀಗಾಗಿ ದುರ್ಬೀನನ್ನು ನಡುಮಧ್ಯೆ, ತಗ್ಗಾಗಿ ಕೂರಿಸಬಹುದು. ಆಮೇಲೆ ಹಿಂದಿರುವ ಹ್ಯಾಮರ್‌ (ಈಡು ಹಾರಿಸುವ ಸುತ್ತಿಗೆ) ಹೆಬ್ಬೆರಳಿಗೆ ಸಿಗುವುದಿಲ್ಲ, ಪಕ್ಕಕ್ಕೆ ಚಾಚುವ ಸಣ್ಣ ಕಿವಿಯೊಂದನ್ನು ಅದಕ್ಕೆ ಸಿಕ್ಕಿಸಬೇಕು.

ಗುರಿ ಕೂಡಿಸುವಾಗ ಮೊದಲು 25 ಗಜದಲ್ಲಿ ನಡುವಿಗೆ ತನ್ನಿ. ನಂತರ ನೂರು ಗಜಕ್ಕೆ ಹೋಗಿ ಗುಂಡು 2 ಇಂಚು ಮೇಲೆ ಬೀಳುವಂತೆ ಹೊಂದಿಸಿ. 170 ಗ್ರೇನ್ ಗುಂಡು ಆಗ 150 ಗಜದಲ್ಲಿ ನೇರ ನಡುವಿಗೆ, 200 ಗಜದಲ್ಲಿ ಸುಮಾರು 5 ಇಂಚು ಕೆಳಗೆ ಬೀಳುತ್ತದೆ. 250ಕ್ಕೆ ಹೋದರೆ 13 ಇಂಚು ಕುಸಿತ, ಆ ಈಡು ಹೊಡೆಯಲೇಬಾರದು. ಮೂರು ಗುಂಡಿಗೊಮ್ಮೆ ಹತ್ತು ನಿಮಿಷ ನಳಿಗೆ ಆರಲು ಬಿಡಿ. ನಳಿಗೆ ಸಪೂರ, ಅದಕ್ಕೆ ಕೊಳವೆಯನ್ನೂ ಮುಂಗೈ ಮರವನ್ನೂ ಕಟ್ಟಿದ್ದಾರೆ. ಬಿಸಿಯಾದಂತೆ ಗುಂಡುಗಳು ಮೇಲೆ ಮೇಲೆ ಏರುತ್ತಾ ಹೋಗುತ್ತವೆ. ಕಾಯಿಸಿಕೊಂಡೇ ಹೊಡೆದು ಸೈಟ್ ತಿರುಪಿದವರು ಕಾಡಿನಲ್ಲಿ ತಣ್ಣನೆಯ ನಳಿಗೆಯ ಮೊದಲ ಈಡನ್ನೇ ತಪ್ಪುತ್ತಾರೆ.

ಜೋಡಿ ನಳಿಗೆ ಕೋವಿಯ ಅಭ್ಯಾಸವಿರುವ ಮಲೆನಾಡು, ಕೊಡಗಿನವರಿಗೆ ಲಿವರ್ ಎಳೆಯುವ ರೀತಿಯೇ ಹೊಸದು. ನಯನಾಜೂಕು ಇಲ್ಲಿ ಕೆಲಸಕ್ಕೆ ಬಾರದು. ಕೊನೆಯವರೆಗೂ ಮುಂದಕ್ಕೆ ದೂಡಿ, ಅಷ್ಟೇ ರಭಸದಿಂದ ಹಿಂದಕ್ಕೆ ಮುಚ್ಚಬೇಕು. ಅರ್ಧಂಬರ್ಧ ಎಳೆದರೆ ಖಾಲಿ ಕೇಸ್ ಹೊರಬೀಳದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸಬರು ‘ಕೋವಿ ಜಾಮ್’ ಎಂದು ಹೇಳುವುದರಲ್ಲಿ ಬಹುಪಾಲು ಇದೇ. ಲಿವರ್ ಪೂರ್ತಿ ಮುಚ್ಚಿ ಹಿಡಿಗೆ ಒತ್ತಿಕೊಳ್ಳದಿದ್ದರೆ ಟ್ರಿಗರ್ ಬಿಡುಗಡೆಯಾಗುವುದಿಲ್ಲ, ಅದು ದೋಷವಲ್ಲ, ರಕ್ಷಣೆ. ತೋಟೆ ತುಂಬುವಾಗ ಪ್ರತಿಯೊಂದನ್ನೂ ಪೂರ್ತಿ ಒಳದೂಡದೆ, ಅದರ ಹಿಂತುದಿಯಿಂದ ರಿಸೀವರ್ ಬದಿಯ ತುಂಬುವ ಬಾಗಿಲು ತೆರೆದೇ ಉಳಿಯುವಷ್ಟು ಒತ್ತಿ, ಮುಂದಿನ ತೋಟೆಯ ಮೂತಿಯಿಂದ ಅದನ್ನು ಒಳತಳ್ಳಿ. ಹೆಬ್ಬೆರಳ ಚರ್ಮ ಉಳಿಯುತ್ತದೆ.

ಹ್ಯಾಮರ್‌ಗೆ ಹಳೆಯ ಅರ್ಧ ಕಾಕ್ ಇದೆ, ಅಂದರೆ ಅರ್ಧ ಎಳೆದು ನಿಲ್ಲಿಸುವ ಸುರಕ್ಷಿತ ಹಂತ. ಅದರ ಜೊತೆಗೆ ಅಡ್ಡಗುಂಡಿಯ ಸೇಫ್ಟಿಯೂ ಇದೆ. ಈ ಗುಂಡಿ ಹಾಕಿದ್ದರೂ ಟ್ರಿಗರ್ ಒತ್ತಿದರೆ ಹ್ಯಾಮರ್ ಬೀಳುತ್ತದೆ, ಟಕ್ ಎನ್ನುತ್ತದೆ, ಈಡು ಮಾತ್ರ ಹಾರುವುದಿಲ್ಲ. ಜಿಂಕೆಗೆ ಆ ಸದ್ದು ಸಾಕು. ಒಂದು ಪದ್ಧತಿ ಹಿಡಿಯಿರಿ: ನಡೆಯುವಾಗ ಅರ್ಧ ಕಾಕ್, ತೋಟೆ ಖಾಲಿ ಮಾಡುವಾಗ ಅಡ್ಡಗುಂಡಿ. ಖಾಲಿ ಮಾಡುವುದೇ ಈ ಕೋವಿಯ ನಿಜವಾದ ಕುಂದು. ಆರೂ ತೋಟೆಗಳನ್ನು ಲಿವರ್ ಎಳೆದೆಳೆದು ಒಂದೊಂದಾಗಿ ಹೊರಹಾಕಬೇಕು. ಬೆರಳು ಟ್ರಿಗರ್‌ನಿಂದ ದೂರ, ಮೂತಿ ನೆಲದ ಕಡೆ. ಇನ್ನೊಂದು ಲಿವರ್ ಕೋವಿಯಾದ ಹೆನ್ರಿಯ ಸೈಡ್ ಗೇಟ್ ಮಾದರಿಯಲ್ಲಿ ಕೊಳವೆಯ ಒಳಸರಳನ್ನು ಮುಂದಿನಿಂದ ಎಳೆದು ತೋಟೆಗಳನ್ನು ಜಾರಿಸಿಬಿಡಬಹುದು, ಈ ಒಂದು ವಿಷಯದಲ್ಲಿ ಅದು ಮೇಲು.

ಶುಚಿ ಮಾಡುವುದರಲ್ಲಿ ಮಾತ್ರ 336ಕ್ಕೆ ಸಾಟಿಯಿಲ್ಲ. ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿ, ಲಿವರ್ ಅರ್ಧ ತೆರೆದು, ಅದರ ಒಂದೇ ಒಂದು ತಿರುಪು ಬಿಚ್ಚಿ. ತಲೆಯ ಸೀಳಿಗೆ ಸರಿಹೊಂದುವ ಅಗಲದ ಸ್ಕ್ರೂಡ್ರೈವರ್ ಬೇಕು, ಇಲ್ಲದಿದ್ದರೆ ಸೀಳು ಕಿತ್ತುಹೋಗುತ್ತದೆ. ಲಿವರ್ ಕೆಳಗೆ ಬರುತ್ತದೆ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹಿಂದಕ್ಕೆ ಜಾರುತ್ತದೆ. ಒಳಗಿನ ಎಡಗೋಡೆಯಲ್ಲಿ ಸಡಿಲವಾಗಿ ಕೂತ, ಖಾಲಿ ಕೇಸನ್ನು ಹೊರಗೆಸೆಯುವ ಸಣ್ಣ ಎಜೆಕ್ಟರ್ ತಾನಾಗಿ ಬಿದ್ದು ಕಳೆದುಹೋಗುವ ಮುಂಚೆ ಎತ್ತಿಡಿ. ಈಗ ಸರಳನ್ನು ಹಿಂದಿನಿಂದ ಹಾಕಿ ನಳಿಗೆ ಉಜ್ಜಬಹುದು. ಇದೇ ಬಗೆಯ ಲಿವರ್ ಕೋವಿ ವಿಂಚೆಸ್ಟರ್ 94ರಲ್ಲಿ ಹಲವು ಭಾಗ ಕಳಚದೆ ಇದು ಆಗದು. ಜನ ಮೂತಿಯಿಂದಲೇ ಸರಳು ತೂರಿಸಿ ನಳಿಗೆಯ ತುಟಿಯನ್ನು ಸವೆಸುತ್ತಾರೆ. ಮತ್ತೆ ಜೋಡಿಸುವಾಗ ಎಜೆಕ್ಟರ್‌ನ ಮೊಳೆಯನ್ನು ಅದರ ತೂತಿಗೆ ಕೂರಿಸಿ, ಬೆರಳಲ್ಲಿ ಒತ್ತಿ ಹಿಡಿದೇ ಬೋಲ್ಟ್ ಒಳದೂಡಿ. ಹಾಗೆಂದು 94 ಕೀಳಲ್ಲ. ಜಾನ್ ಬ್ರೌನಿಂಗ್‌ನ ಆ ವಿನ್ಯಾಸ ಕೈಯಲ್ಲಿ ಹಗುರ, ನಡುವಲ್ಲಿ ತೆಳ್ಳಗೆ, ದಿನವಿಡೀ ಹೊರಲು ಸುಖ. ಈಗ ಜಪಾನಿನ ಮಿರೊಕು ಅದನ್ನು ಬಲು ಶ್ರದ್ಧೆಯಿಂದ ಮಾಡುತ್ತದೆ. ದುರ್ಬೀನು ಬೇಡವೆನ್ನುವವರು ಅದನ್ನೇ ನೋಡಲಿ.

ಕೊಳ್ಳುವ ಮೊದಲು ಕಾನೂನು. ಒಹಾಯೊದಲ್ಲಿ ಜಿಂಕೆಗೆ ರೈಫಲ್ ಆದರೆ ನೇರಗೋಡೆಯ ತೋಟೆ ಮಾತ್ರ ನಡೆಯುತ್ತದೆ, ಕುತ್ತಿಗೆ ಸಪೂರವಾದ .30-30 ಅಲ್ಲಿ ಹೊರಗೆ. ಅಂಥವರು ಮಾರ್ಲಿನ್ 1895ರ .45-70 ನೋಡಬೇಕು. ಪೆನ್ಸಿಲ್ವೇನಿಯಾದ ರೈಫಲ್ ಋತುವಿನಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕಿತ್ತಳೆ ಬಟ್ಟೆ ಕಡ್ಡಾಯ. ಎಚ್-1ಬಿ ವೀಸಾದಲ್ಲಿರುವವರಿಗೆ ಫೆಡರಲ್ ಕಾನೂನು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯುತ್ತದೆ, ಕೋವಿ ಮಾತ್ರ ಮನೆಯಲ್ಲೇ ಇರುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ಕಟ್ಟು ಇಲ್ಲ. ಭಾರತಕ್ಕೆ, ಊರಿಗೆ ಹೋದಾಗ ಈ ಹವ್ಯಾಸದ ಮಾತೇ ಬೇಡ, 1972ರ ವನ್ಯಜೀವಿ ಕಾಯ್ದೆಯಡಿ ಅಲ್ಲಿ ಜಿಂಕೆ ಬೇಟೆ ಅಪರಾಧ.

ಹಳೆಯ 336 ಕೊಳ್ಳುವುದೂ ಒಳ್ಳೆಯ ದಾರಿಯೇ. ನಳಿಗೆಯ ಬುಡದಲ್ಲಿ ‘ಜೆಎಂ’ ಮುದ್ರೆ ಇದ್ದರೆ ಅದು ಹಳೇ ಮಾರ್ಲಿನ್ ಕಾರ್ಖಾನೆಯದು, ಬೇಡಿಕೆಯೂ ಜಾಸ್ತಿ. ಮುದ್ರೆ ನೋಡಿ ಮರುಳಾಗದೆ ತಿರುಪು ಬಿಚ್ಚಿಸಿ ಒಳಗೆ ನೋಡಿ. ತೋಟೆ ಎತ್ತುವ ಕ್ಯಾರಿಯರ್‌ನ ಅಡಿಯನ್ನು ಲಿವರ್‌ನ ಚೂಪು ಅಂಚು ವರ್ಷಗಟ್ಟಲೆ ಕೆರೆದು ಅಲ್ಲೊಂದು ಗೆರೆ ಕೊರೆದಿರುತ್ತದೆ. ಗೆರೆ ಆಳವಾದಾಗ ಕ್ಯಾರಿಯರ್ ಏಳುವ ಹೊತ್ತು ತಪ್ಪಿ, ಎರಡನೇ ತೋಟೆ ಅದರ ಕೆಳಗೆ ನುಸುಳಿ, ಲಿವರ್ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಎಳೆದಾಡಿದರೆ ಬಿಡದು, ಮೂತಿಯನ್ನು ಸುರಕ್ಷಿತ ದಿಕ್ಕಿಗಿಟ್ಟು, ಲಿವರ್ ತಿರುಪು ತೆಗೆದೇ ಬಿಡಿಸಬೇಕು. ಗೆರೆ ತೆಳ್ಳಗಿದ್ದರೆ ಲಿವರ್‌ನ ಆ ಅಂಚನ್ನು 600 ನಂಬರಿನ ಉಜ್ಜುಕಾಗದದಿಂದ ದುಂಡಗೆ ಮಾಡಿದರೆ ಸಾಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಹೊಸ ಕ್ಯಾರಿಯರ್‌ನ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೇ ಮಾತು ಮುಗಿಸಿ.