ಸಿಗ್ನಲ್ ಸಿಗದ ತೋಟಕ್ಕೆ ಯಾವುದು: ಬ್ಲೂಟೂತ್ ಇರುವ ಹ್ಯಾಮ್ ಸೆಟ್ಟೋ, ಲೋರಾ ಜಾಲವೋ?

ಶಿರಸಿ ತಾಲ್ಲೂಕಿನಲ್ಲಿರುವ ನಮ್ಮ ಮನೆ ಎರಡು ಗುಡ್ಡಗಳ ನಡುವಿನ ಇಳಿಜಾರಿನಲ್ಲಿದೆ. ಅಡಿಕೆ ತೋಟ ಮನೆಯಿಂದ ಕೆಳಗಿದ್ದರೆ, ಕುಡಿಯುವ ನೀರಿನ ಒರತೆ ಬೆಟ್ಟದ ಆಚೆ ಬದಿಯಲ್ಲಿ, ಕಾಲುದಾರಿಯಲ್ಲಿ ಹೋದರೆ ಒಂದೂಕಾಲು ಕಿಲೋಮೀಟರ್ ದೂರದಲ್ಲಿದೆ. ಮಳೆಗಾಲದಲ್ಲಿ ಕರೆಂಟು ಹೋದ ನಾಲ್ಕೈದು ತಾಸಿಗೆ ಮೊಬೈಲ್ ಟವರಿನ ಬ್ಯಾಟರಿಯೂ ಖಾಲಿಯಾಗಿ, ಆಮೇಲೆ ಒಮ್ಮೊಮ್ಮೆ ಎರಡು ದಿನ ಯಾರಿಗೂ ಯಾರ ಸುದ್ದಿಯೂ ಸಿಗುವುದಿಲ್ಲ. 2023ರ ಜುಲೈನಲ್ಲಿ ಅಂಥದೊಂದು ದಿನ ಪೈಪು ನೋಡಿ ಬರುತ್ತೇನೆಂದು ಹೋದ ಅಪ್ಪಯ್ಯ ಜಾರಿ ಬಿದ್ದು ಕಾಲು ಉಳುಕಿಸಿಕೊಂಡು, ನಾವು ಹುಡುಕಿಕೊಂಡು ಹೋಗುವವರೆಗೆ ಮೂರು ತಾಸು ಮಳೆಯಲ್ಲೇ ಕುಳಿತಿದ್ದರು. ಆ ವಾರವೇ ನಾನು ಫೋನಿಗೆ ಜೋಡಿಸಬಹುದಾದ ರೇಡಿಯೋಗಳನ್ನು ಹುಡುಕತೊಡಗಿದೆ. ಎರಡು ಮಳೆಗಾಲ ಎರಡೂ ಬಗೆಯವನ್ನು ಬಳಸಿದ ಮೇಲೆ ಈಗ ದಿನನಿತ್ಯ ನಮ್ಮ ಮನೆಯಲ್ಲಿ ಉಳಿದುಕೊಂಡಿರುವುದು ಲೋರಾ ಜಾಲ, ಅಂದರೆ ಕಡಿಮೆ ಶಕ್ತಿಯಲ್ಲಿ ಪುಟ್ಟ ಸಂದೇಶಗಳನ್ನು ದೂರಕ್ಕೆ ದಾಟಿಸುವ ರೇಡಿಯೋಗಳ ಜಾಲ. ಯಾಕೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ಕೊಂಡಿದ್ದು ಹ್ಯಾಮ್ ಸೆಟ್ಟು, ಅಂದರೆ ಹವ್ಯಾಸಿ ರೇಡಿಯೋದವರು ಬಳಸುವ ಸೆಟ್ಟು. ನನಗೆ ಹವ್ಯಾಸಿ ರೇಡಿಯೋ ಪರವಾನಗಿ ಇದೆ, ವಿಯು3ಯಿಂದ ಶುರುವಾಗುವ ಕರೆಚಿಹ್ನೆಯೂ ಇದೆ. ಹಾಗಾಗಿ ಬ್ಲೂಟೂತ್ ಮೂಲಕ ಫೋನಿಗೆ ಸೇರುವ, ಮಾತಿನ ಜೊತೆಗೆ ಎಪಿಆರ್‌ಎಸ್ ಪದ್ಧತಿಯಲ್ಲಿ ಸಂದೇಶವನ್ನೂ ಇರುವ ಜಾಗವನ್ನೂ ಕಳಿಸುವ 5 ವ್ಯಾಟ್‌ನ ಎರಡು ಸೆಟ್ಟುಗಳನ್ನು ಸುಮಾರು ಮೂವತ್ತು ಸಾವಿರ ರೂಪಾಯಿ ಕೊಟ್ಟು ತಂದೆ. ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗಾ ರೂಪಿಸಿದ ಈ ಎಪಿಆರ್‌ಎಸ್ ಹ್ಯಾಮ್‌ಗಳ ನಡುವೆ ದಶಕಗಳಿಂದ ನೆಲೆಯೂರಿದ ವ್ಯವಸ್ಥೆ. ನಕ್ಷೆಯ ಮೇಲೆ ಜೊತೆಗಾರರು ಎಲ್ಲಿದ್ದಾರೆಂದು ಕಾಣಿಸುವುದು ಆ ಲೋಕದಲ್ಲಿ ಹೊಸ ಸಂಗತಿಯೇ ಅಲ್ಲ.

ಧ್ವನಿಯ ವಿಷಯದಲ್ಲಿ ಈ ಸೆಟ್ಟಿಗೆ ನನ್ನಿಂದ ಪೂರ್ಣ ಅಂಕ. 144ರಿಂದ 146 ಮೆಗಾಹರ್ಟ್ಸ್‌ನ ಅಲೆ ಸುಮಾರು ಎರಡು ಮೀಟರ್ ಉದ್ದವಿರುವುದರಿಂದ ಒದ್ದೆ ಎಲೆಗಳ ನಡುವೆಯೂ ಗುಡ್ಡದ ಅಂಚಿನಲ್ಲೂ ಅದು ಸಾಕಷ್ಟು ದಾರಿ ಮಾಡಿಕೊಳ್ಳುತ್ತದೆ. ಒರತೆಯ ಬಳಿ ನಿಂತು ಮಾತಾಡಿದರೆ ಮನೆಯ ಜಗಲಿಯಲ್ಲಿ ಸ್ವಲ್ಪ ಕರಕರ ಸದ್ದಿನೊಂದಿಗೆ ಕೇಳಿಸುತ್ತಿತ್ತು, ನಡುವೆ ಯಾವ ಮರುಪ್ರಸಾರಕವೂ ಬೇಕಾಗಲಿಲ್ಲ. ಕೈತುಂಬ ಕೆಸರಿರುವಾಗ ಒಂದು ಗುಂಡಿ ಒತ್ತಿ ಮಾತಾಡುವ ಅನುಕೂಲಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಆದರೆ ಆ ಗುಂಡಿಯನ್ನು ಒತ್ತುವ ಅಧಿಕಾರ ಇದ್ದುದು ನನಗೆ ಮಾತ್ರ. ಅಪ್ಪಯ್ಯನಿಗಾಗಲಿ, ನನ್ನ ಹೆಂಡತಿಗಾಗಲಿ, ಔಷಧಿ ಹೊಡೆಯಲು ಬರುವ ಕೊನೆಗೌಡರಿಗಾಗಲಿ ಪರವಾನಗಿ ಇಲ್ಲ. ಪರೀಕ್ಷೆ ಬರೆದು ಪಡೆಯಬಹುದು ನಿಜ, ನನ್ನ ಹೆಂಡತಿ ಓದಲು ಶುರುಮಾಡಿದ್ದಾಳೆ ಕೂಡ. ಆದರೆ ಎಪ್ಪತ್ತೆರಡು ವರ್ಷದ ಅಪ್ಪಯ್ಯನನ್ನು ನೀರಿನ ಪೈಪಿಗಾಗಿ ಪರೀಕ್ಷೆಗೆ ಕೂರಿಸುವ ಮನಸ್ಸು ನನಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಹವ್ಯಾಸಿ ರೇಡಿಯೋ ಎಂಬುದು ಕಲಿಕೆಗೆ, ಪ್ರಯೋಗಕ್ಕೆ, ಆಪತ್ತಿನಲ್ಲಿ ನೆರವಿಗೆ ಇರುವಂಥದು. ಹಣ ಸಂಪಾದನೆಯ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ. ತೋಟದ ಕೆಲಸ ನಮ್ಮ ಜೀವನೋಪಾಯ. ಬೋರ್ಡೋ ದ್ರಾವಣದ ಡ್ರಮ್ಮು ಖಾಲಿಯಾಯಿತೆಂದು ಆ ತರಂಗದಲ್ಲಿ ದಿನಾ ಹೇಳುವುದು ಸರಿಯಲ್ಲವೆಂದು ನನಗೆ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಇದನ್ನು ಕೊಳ್ಳುವ ಮೊದಲೇ ಯೋಚಿಸಬೇಕಿತ್ತು.

ಎರಡನೆಯದು ಲೋರಾ. ಫ್ರಾನ್ಸಿನ ಗ್ರೆನೋಬಲ್‌ನ ಸೈಕ್ಲಿಯೋ ಎಂಬ ಪುಟ್ಟ ಸಂಸ್ಥೆಯಲ್ಲಿ ಹುಟ್ಟಿ 2012ರಲ್ಲಿ ಸೆಮ್‌ಟೆಕ್ ಕಂಪನಿಯ ಕೈಸೇರಿದ ಈ ತಂತ್ರ ಸಂಕೇತವನ್ನು ನಿಧಾನವಾಗಿ, ಆವರ್ತನವನ್ನು ಜಾರಿಸುತ್ತಾ ಕಳಿಸುತ್ತದೆ. ಹಾಗಾಗಿ ಗದ್ದಲದ ಮಟ್ಟಕ್ಕಿಂತ ಕೆಳಗಿರುವ ಸಂಕೇತವನ್ನೂ ಎದುರಿನ ಚಿಪ್ಪು ಹೆಕ್ಕಿಕೊಳ್ಳುತ್ತದೆ. ಅದರ ಮೇಲೆ 2020ರಲ್ಲಿ ಕೆವಿನ್ ಹೆಸ್ಟರ್ ಆರಂಭಿಸಿದ ಮೆಶ್‌ಟಾಸ್ಟಿಕ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿದರೆ, ಅಂಗೈಯಷ್ಟು ಅಗಲದ ಒಂದೊಂದು ನೋಡ್ (ಜಾಲದ ಒಂದು ರೇಡಿಯೋ ಘಟಕ) ಬ್ಲೂಟೂತ್‌ನಲ್ಲಿ ಒಂದೊಂದು ಫೋನಿಗೆ ಸೇರಿಕೊಂಡು ಸಂದೇಶವನ್ನೂ ಜಾಗವನ್ನೂ ಇತರ ನೋಡ್‌ಗಳಿಗೆ ದಾಟಿಸುತ್ತದೆ. ನಡುವಿನ ನೋಡ್‌ಗಳು ಅದನ್ನು ಮುಂದಕ್ಕೆ ಕಳಿಸುತ್ತವೆ. ನಾವು ಬದಲಿಸದಿದ್ದರೆ ಮೂರು ನೆಗೆತದವರೆಗೆ. ಮಾತಿಗೆ ಇಲ್ಲಿ ಅವಕಾಶವೇ ಇಲ್ಲ.

ಪರವಾನಗಿ ಬೇಡವೆಂಬುದೇ ಇದರ ದೊಡ್ಡ ಬಲ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು 2005ರಲ್ಲೇ ಪರವಾನಗಿಯಿಂದ ಮುಕ್ತಗೊಳಿಸಲಾಗಿದೆ, 2021ರಲ್ಲಿ ಅದು 868ರವರೆಗೆ ಹಿಗ್ಗಿತು. ಆದರೆ ಎರಡು ಎಚ್ಚರಿಕೆ ಬೇಕು. ಅಮೆರಿಕದವರು ಬಳಸುವ 915 ಮೆಗಾಹರ್ಟ್ಸ್‌ನ ನೋಡ್ ತರಿಸಬಾರದು, ಇಲ್ಲಿ ಆ ಆಸುಪಾಸಿನ ತರಂಗಗಳು ಮೊಬೈಲ್ ಕಂಪನಿಗಳಿಗೆ ಸೇರಿದವು. ನನಗೆ ಮಾರಿದವರು ಇಲ್ಲಿನ ತರಂಗಕ್ಕೆ ತಕ್ಕ ನೋಡ್‌ಗಳ ಜೊತೆ 915ರ ಆಂಟೆನಾ ಕಳಿಸಿದ್ದರು, ಬದಲಿಸುವವರೆಗೆ ತೋಟದ ಅಂಚು ದಾಟುತ್ತಿರಲಿಲ್ಲ. ಎರಡನೆಯದಾಗಿ, 2005ರ ನಿಯಮ 1 ವ್ಯಾಟ್ ಪ್ರಸರಣ ಶಕ್ತಿಯ ಜೊತೆಗೆ 200 ಕಿಲೋಹರ್ಟ್ಸ್ ಅಗಲದ ಮಿತಿಯನ್ನೂ ಹೇಳುತ್ತದೆ. ಮೆಶ್‌ಟಾಸ್ಟಿಕ್ ತಾನಾಗಿ ಆರಿಸಿಕೊಳ್ಳುವ ವಿಧಾನದ ಅಗಲ 250 ಕಿಲೋಹರ್ಟ್ಸ್. ಆದ್ದರಿಂದ ನಾನು 125 ಕಿಲೋಹರ್ಟ್ಸ್‌ನ ನಿಧಾನದ ವಿಧಾನಕ್ಕೆ ಎಲ್ಲ ನೋಡ್‌ಗಳನ್ನೂ ಬದಲಿಸಿಕೊಂಡಿದ್ದೇನೆ. ವೇಗ ಇಳಿಯಿತು, ವ್ಯಾಪ್ತಿ ಸ್ವಲ್ಪ ಹೆಚ್ಚಿತು.

ಈಗ ನನ್ನನ್ನು ನಿಜವಾಗಿ ಕಾಡಿದ ತೊಡಕಿಗೆ ಬರುತ್ತೇನೆ. ಅದು ಕನ್ನಡದ್ದು.

ಮೆಶ್‌ಟಾಸ್ಟಿಕ್‌ನಲ್ಲಿ ಒಂದು ಸಂದೇಶಕ್ಕೆ ಸಿಗುವುದು ಸುಮಾರು 200 ಬೈಟು. ಇಂಗ್ಲಿಷ್ ಅಕ್ಷರ ಒಂದು ಬೈಟಿನಲ್ಲಿ ಕೂರುತ್ತದೆ. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು, ಮತ್ತು ಇಲ್ಲಿ ಸಂಕೇತವೆಂದರೆ ನಾವು ಓದುವ ಅಕ್ಷರವಲ್ಲ. ಮೂಲಾಕ್ಷರ ಒಂದು, ಅದಕ್ಕೆ ಹತ್ತುವ ಸ್ವರಚಿಹ್ನೆ ಇನ್ನೊಂದು, ಒತ್ತು ಬಂದರೆ ನಡುವಿನ ಹಲಂತಚಿಹ್ನೆ (್) ಮತ್ತೊಂದು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳಾಗಿ 18 ಬೈಟು ನುಂಗುತ್ತದೆ. ‘ನೀರು ಬಂತು’ ಎನ್ನಲು 25 ಬೈಟು. ‘ಒರತೆ ಹತ್ತಿರ ಪೈಪು ಒಡೆದಿದೆ, ಹಾರೆ ಮತ್ತು ಎರಡು ಜಾಯಿಂಟು ಕಳಿಸಿ’ ಎಂಬ ಸಾಧಾರಣ ವಾಕ್ಯಕ್ಕೆ 147 ಬೈಟು ಹೋಗುತ್ತದೆ. ಇದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 60 ಬೈಟಿನೊಳಗೆ ಮುಗಿಯುತ್ತದೆ.

ಹ್ಯಾಮ್ ಸೆಟ್ಟಿನಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಎಪಿಆರ್‌ಎಸ್ ಸಂದೇಶದ ಮಿತಿ 67 ಅಕ್ಷರ, ಅದೂ ಇಂಗ್ಲಿಷ್ ಅಕ್ಷರಗಳನ್ನೇ ಮನಸ್ಸಿನಲ್ಲಿಟ್ಟು ರೂಪಿಸಿದ್ದು. ಕನ್ನಡವನ್ನು ಬಲವಂತವಾಗಿ ತುರುಕಿದರೂ ಇಪ್ಪತ್ತೆರಡು ಸಂಕೇತಕ್ಕೆ ಜಾಗ ಮುಗಿಯುತ್ತದೆ, ಅಂದರೆ ಮೂರು ನಾಲ್ಕು ಪದ. ನಾನು ಪ್ರಯತ್ನಿಸಿದಾಗ ಆಚೆ ಬದಿಯ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಬಂದಿತ್ತು. ಹಾಗಾಗಿ ಅಲ್ಲಿ ಇಂಗ್ಲಿಷ್ ಲಿಪಿಯ ಕನ್ನಡವೇ ಗತಿ, ಮತ್ತು ಅದನ್ನು ಅಪ್ಪಯ್ಯ ಓದುವುದಿಲ್ಲ. ಕಾಗದದಲ್ಲಿ ಸುಂದರವಾದ ಮೋಡಿ ಅಕ್ಷರದಲ್ಲಿ ಲೆಕ್ಕ ಬರೆಯುತ್ತಿದ್ದ ಅಜ್ಜನ ಮಗ ಅವರು; ‘ನೀರು’ ಎಂಬುದನ್ನು ಬೇರೆ ಲಿಪಿಯಲ್ಲಿ ಬಿಡಿಸಿ ಓದಬೇಕೆಂದು ಅವರಿಗೆ ಹೇಳಲು ನನಗೆ ಇಷ್ಟವೂ ಇರಲಿಲ್ಲ.

ಲೋರಾದಲ್ಲಿ ಕನ್ನಡ ಕನಿಷ್ಠ ಕನ್ನಡವಾಗಿಯೇ ತಲುಪುತ್ತದೆ, ಫೋನಿನ ಪರದೆಯ ಮೇಲೆ ಅಚ್ಚುಕಟ್ಟಾಗಿ. ನೋಡ್‌ನದೇ ಪುಟ್ಟ ಪರದೆಯಲ್ಲಿ ಮಾತ್ರ ಕನ್ನಡದ ಅಕ್ಷರವಿನ್ಯಾಸವಿಲ್ಲ, ಅಲ್ಲಿ ಕಾಣುವುದು ಗೀಚು. ಜೊತೆಗೆ, ಬೈಟು ಹೆಚ್ಚಿದಷ್ಟೂ ಗಾಳಿಯಲ್ಲಿ ಸಂದೇಶ ಉಳಿಯುವ ಸಮಯವೂ ಹೆಚ್ಚುತ್ತದೆ. ನಿಧಾನದ ವಿಧಾನದಲ್ಲಿ ಉದ್ದದ ಕನ್ನಡ ವಾಕ್ಯ ಹೊರಡಲು ಕೆಲವು ಸೆಕೆಂಡು ಹಿಡಿಯುತ್ತದೆ, ಅದನ್ನು ಮರುಪ್ರಸಾರಕ ಮತ್ತೆ ಕಳಿಸಲು ಮತ್ತಷ್ಟು. ಅಷ್ಟರಲ್ಲಿ ಇನ್ನೊಬ್ಬರು ಕಳಿಸಿದರೆ ಎರಡೂ ಡಿಕ್ಕಿಯಾಗುವ ಸಂಭವ ಇದೆ. ಮೊದಲ ತಿಂಗಳು ನನ್ನ ಹೆಂಡತಿಯ ಉದ್ದದ ಸಂದೇಶಗಳು ತಲುಪದೆ ಹೋದದ್ದು ಇದೇ ಕಾರಣಕ್ಕೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ನಾನು ಆಂಟೆನಾದ ಮೇಲೆಯೇ ಅನುಮಾನಪಟ್ಟು ಅದನ್ನು ಎರಡು ಸಲ ಎತ್ತರಿಸಿದ್ದೆ.

ಪರಿಹಾರ ಸರಳವಾಗಿತ್ತು. ಆ್ಯಪ್‌ನಲ್ಲಿ ಮೊದಲೇ ವಾಕ್ಯಗಳನ್ನು ಬರೆದಿಟ್ಟು ಒಂದೇ ಸ್ಪರ್ಶಕ್ಕೆ ಕಳಿಸುವ ಸೌಲಭ್ಯವಿದೆ. ‘ನೀರು ಬಂತು’, ‘ಪೈಪು ಒಡೆದಿದೆ’, ‘ಊಟಕ್ಕೆ ಬರ್ತೆ’, ‘ತುರ್ತು, ಬನ್ನಿ’ ಎಂಬಂಥ ಎಂಟು ಪುಟ್ಟ ವಾಕ್ಯಗಳನ್ನು ಅಪ್ಪಯ್ಯನ ಫೋನಿನಲ್ಲಿ ಹಾಕಿಕೊಟ್ಟೆ. ಅವರು ಬೆರಳಚ್ಚು ಮಾಡುವ ಗೋಜಿಗೇ ಹೋಗುವುದಿಲ್ಲ. ಸಂದೇಶ ತಲುಪಿತೆಂಬ ಗುರುತು ಮೂಡುವವರೆಗೆ ನಿಂತು ನೋಡಿ ಮುಂದೆ ನಡೆಯುತ್ತಾರೆ.

ಬ್ಲೂಟೂತ್ ಎರಡರಲ್ಲೂ ಕಿರಿಕಿರಿಯೇ. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಹಿನ್ನೆಲೆಯ ಆ್ಯಪ್‌ಅನ್ನು ಮುಚ್ಚುತ್ತದೆ. ಆ ಆ್ಯಪ್‌ಗೆ ವಿನಾಯಿತಿ ಕೊಟ್ಟಿಟ್ಟರೆ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ.

ಜಾಗ ತೋರಿಸುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಇಂಟರ್ನೆಟ್ ಇರುವಾಗಲೇ ನಕ್ಷೆಯನ್ನು ಇಳಿಸಿಟ್ಟುಕೊಂಡಿರಬೇಕು. ವ್ಯತ್ಯಾಸವಿರುವುದು ಗುಟ್ಟಿನಲ್ಲಿ. ಹವ್ಯಾಸಿ ರೇಡಿಯೋದಲ್ಲಿ ಸಂದೇಶವನ್ನು ಗೂಢಲಿಪಿಯಲ್ಲಿ ಕಳಿಸುವಂತಿಲ್ಲ, ಆದ್ದರಿಂದ ಮನೆಯವರು ಎಲ್ಲಿದ್ದಾರೆಂಬುದು ಕೇಳುವ ಎಲ್ಲರಿಗೂ ತೆರೆದಿರುತ್ತದೆ. ಲೋರಾದಲ್ಲಿ ನಮ್ಮದೇ ಕೀಲಿ ಹಾಕಬಹುದು. ಕೊಂಡಾಗ ಇರುವ ಕೀಲಿ ಎಲ್ಲರಿಗೂ ಗೊತ್ತಿರುವಂಥದಾದ್ದರಿಂದ ಅದನ್ನು ಮೊದಲ ದಿನವೇ ಬದಲಿಸಬೇಕು.

ಲೋರಾದ ನಿಜವಾದ ಖರ್ಚು ಮತ್ತು ಶ್ರಮ ಇರುವುದು ಬೆಟ್ಟದ ಮೇಲೆ. ನನ್ನ ನೋಡ್‌ಗಳ ಶಕ್ತಿ ಹೆಚ್ಚೆಂದರೆ 0.16 ವ್ಯಾಟ್, ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಗುಡ್ಡದ ಬೆನ್ನು ಅಡ್ಡ ಬಂದರೆ ನೇರವಾಗಿ ದಾಟುವುದಿಲ್ಲ. ಹಾಗಾಗಿ ನಮ್ಮ ಮಾಲ್ಕಿ ಜಾಗದ ತುದಿಯಲ್ಲಿ, ಮನೆಯೂ ಒರತೆಯ ಬದಿಯೂ ಕಾಣುವಲ್ಲಿ, ಕಬ್ಬಿಣದ ಕೊಳವೆ ನೆಟ್ಟು ಒಂದು ಮರುಪ್ರಸಾರಕ ಕೂರಿಸಿದೆ. ಮೊದಲು ಹಾಕಿದ್ದು ಇಎಸ್‌ಪಿ32 ಚಿಪ್ಪಿನ ನೋಡ್. ಜುಲೈನಲ್ಲಿ ವಾರಗಟ್ಟಲೆ ಬಿಸಿಲು ಬೀಳದ ಕಾರಣ ಸೌರಫಲಕದಿಂದ ಬ್ಯಾಟರಿ ತುಂಬದೆ ಅದು ನಾಲ್ಕನೆಯ ದಿನ ನಿಂತುಹೋಯಿತು, ಜಡಿಮಳೆಯಲ್ಲಿ ಉಂಬಳಗಳ ನಡುವೆ ಹತ್ತಿ ಹೋಗಿ ಇಳಿಸಿಕೊಂಡು ಬಂದೆ. ಆಮೇಲೆ ಬಹಳ ಕಡಿಮೆ ವಿದ್ಯುತ್ ಕುಡಿಯುವ ಎನ್‌ಆರ್‌ಎಫ್52840 ಚಿಪ್ಪಿನ ನೋಡ್ ಹಾಕಿದೆ. ಎರಡು ಬ್ಯಾಟರಿ ಸೆಲ್ಲು ಮತ್ತು ಸಣ್ಣ ಫಲಕದೊಂದಿಗೆ ಅದು ಮೋಡದ ಮಸುಕು ಬೆಳಕಿನಲ್ಲೇ ಇಡೀ ಮಳೆಗಾಲ ಕಳೆಯಿತು. ಮಲೆನಾಡಿನಲ್ಲಿ ಮರುಪ್ರಸಾರಕ ಇಡುವವರು ಈ ಒಂದು ವಿಷಯದಲ್ಲಿ ಹಣ ಉಳಿಸಲು ಹೋಗಬಾರದು. ನಾಲ್ಕು ನೋಡ್, ಮರುಪ್ರಸಾರಕ, ಆಂಟೆನಾ ಎಲ್ಲ ಸೇರಿ ನನಗೆ ಹದಿನೇಳು ಸಾವಿರ ರೂಪಾಯಿ ತಗುಲಿತು. ಅದರಲ್ಲಿ ಮನೆಯ ಎಲ್ಲರ ಕೈಗೂ ಒಂದೊಂದು ಬಂತು.

ಫೋನಿಗೆ ಸೇರದ ಸಾದಾ ವಾಕಿಟಾಕಿ ಸಾಕೆನ್ನುವವರಿಗೆ 446.0ರಿಂದ 446.2 ಮೆಗಾಹರ್ಟ್ಸ್‌ನ ಪಟ್ಟಿ 2018ರಿಂದ ಪರವಾನಗಿಮುಕ್ತ. ಬೇರೆ ತರಂಗದ ಸೆಟ್ಟುಗಳು ಆನ್‌ಲೈನ್ ಅಂಗಡಿಗಳಲ್ಲಿ ಎಗ್ಗಿಲ್ಲದೆ ಮಾರಾಟವಾಗುತ್ತಿದ್ದುದಕ್ಕೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಬೇಕಾಯಿತು. ವಿದೇಶದಲ್ಲಿರುವ ನೆಂಟರು ಪ್ರೀತಿಯಿಂದ ತಂದುಕೊಡುವ ಜೋಡಿ ಸೆಟ್ಟುಗಳ ಬಗ್ಗೆಯೂ ಇದೇ ಮಾತು. ಅಮೆರಿಕದ 462 ಮೆಗಾಹರ್ಟ್ಸ್ ಇಲ್ಲಿ ಮುಕ್ತವಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳನ್ನಂತೂ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವಾಗುತ್ತದೆ, ಚಾರಣಿಗರು ಇದನ್ನು ಗಮನಿಸಬೇಕು.

ಜೊತೆಗಾರರೆಲ್ಲರೂ ಪರವಾನಗಿ ಪಡೆದವರಾಗಿದ್ದು, ಉದ್ದೇಶ ಹವ್ಯಾಸವೇ ಆಗಿದ್ದು, ಮಾತೇ ಮುಖ್ಯವೆನ್ನುವವರು ಹ್ಯಾಮ್ ಸೆಟ್ಟನ್ನು ಸಂತೋಷದಿಂದ ಕೊಳ್ಳಲಿ. ನನ್ನದನ್ನು ನಾನೂ ಮಾರಿಲ್ಲ, ಸಂಜೆ ಹೊತ್ತು ಗೆಳೆಯರೊಂದಿಗೆ ಮಾತಾಡಲು ಅದು ಜಗಲಿಯ ಕಿಟಕಿಯಲ್ಲಿದೆ. ನಮ್ಮಂತೆ ಮನೆಮಂದಿ, ಆಳುಕಾಳು, ತೋಟ, ನೀರು ಎಂದು ದಿನಕ್ಕೆ ಹತ್ತು ಸಲ ಪುಟ್ಟ ಸುದ್ದಿ ದಾಟಿಸಬೇಕಾದವರಿಗೆ ಲೋರಾವೇ ಸರಿ. ಕಳೆದ ಆಗಸ್ಟಿನಲ್ಲಿ ಎರಡು ದಿನ ಕರೆಂಟು ಇಲ್ಲದಾಗ ಅಪ್ಪಯ್ಯ ಒರತೆಯಿಂದ ‘ಪೈಪು ಒಡೆದಿದೆ’ ಎಂದು ಕಳಿಸಿದ್ದು ಆಯಿಯ ಫೋನಿಗೂ ಬಂತು, ನಾನು ಹಾರೆ ಹಿಡಿದು ಹೊರಡುವಷ್ಟರಲ್ಲಿ ಅವರ ಗುರುತು ನಕ್ಷೆಯಲ್ಲಿ ಒರತೆಯ ಪಕ್ಕದಲ್ಲೇ ಇತ್ತು. ಕೆಳಗಿನ ಕೇರಿಯ ಮೂರು ಮನೆಯವರೂ ಈಗ ಒಂದೊಂದು ನೋಡ್ ಕೇಳಿದ್ದಾರೆ. ಅವರ ತೋಟಗಳು ನಮ್ಮ ಮರುಪ್ರಸಾರಕಕ್ಕೆ ಕಾಣುವುದಿಲ್ಲವಾದ್ದರಿಂದ, ಅಡಿಕೆ ಕೊಯ್ಲು ಮುಗಿದ ಮೇಲೆ ಎದುರು ಗುಡ್ಡದ ತಲೆಯಲ್ಲಿ ಇನ್ನೊಂದನ್ನು ನೆಡಲು ಜಾಗ ನೋಡಿಟ್ಟಿದ್ದೇವೆ.