ಬಿದಿರು ಗಾಳ, ಕೈದಾರ, ರೀಲ್ ರಾಡ್: ಮಗುವಿನ ಕೈಗೆ ಯಾವುದು?

ಮಕ್ಕಳನ್ನು ಕರೆದುಕೊಂಡು ಮೀನು ಹಿಡಿಯಲು ಹೊರಟವರು ಮೊದಲು ತರಿಸುವುದು ಆನ್‌ಲೈನಿನ ರೀಲ್ ರಾಡ್ ಕಿಟ್. ಅಲ್ಲೇ ಅರ್ಧ ಕೆಲಸ ಕೆಡುತ್ತದೆ. ಘಟಪ್ರಭೆಯ ಹಿಡಕಲ್ ಹಿನ್ನೀರು, ಮಲಪ್ರಭೆಯ ನವಿಲುತೀರ್ಥ ಆಣೆಕಟ್ಟಿನ ಮೇಲ್ಭಾಗದ ದಂಡೆ, ಬಾಗಲಕೋಟೆ ಸುತ್ತಲಿನ ಆಲಮಟ್ಟಿ ಹಿನ್ನೀರು, ಊರ ಕೆರೆ, ಎಲ್ಲ ಕಡೆ ಮೂರನ್ನೂ ಹಿಡಿದು ನೋಡಿದ ಮೇಲೆ ನಮ್ಮ ತೀರ್ಪು ಇದು: ಆರರಿಂದ ಹತ್ತು ವರ್ಷದವರಿಗೆ ಬಿದಿರು ಗಾಳ, ಹತ್ತು ದಾಟಿದವರಿಗೆ ಕೈದಾರ (ಕೋಲಿಲ್ಲದೆ ಕೈಯಲ್ಲೇ ಹಿಡಿಯುವ ದಾರ), ರೀಲು ಹನ್ನೆರಡರ ನಂತರ. ಎಷ್ಟು ಕಿಲೋ ಮೀನು ಬಂತು ಎಂದು ಅಳೆದು ಹೇಳಿದ ಮಾತಲ್ಲ. ಮೊದಲ ಅರ್ಧ ತಾಸಿನಲ್ಲಿ ಮಗುವಿನ ಗಾಳಕ್ಕೆ ಒಂದಾದರೂ ಮೀನು ಬಾಯಿ ಹಾಕುತ್ತದೆಯೇ, ಅಪ್ಪನೋ ಅವ್ವನೋ ಮಗುವಿನ ಮಗ್ಗುಲಲ್ಲಿ ಕೂತಿರುತ್ತಾರೋ ಅಥವಾ ಬೆನ್ನು ತಿರುಗಿಸಿ ದಾರದ ಗಂಟು ಬಿಡಿಸುತ್ತಿರುತ್ತಾರೋ, ನೋಡಿದ್ದು ಇಷ್ಟೇ.

ಬಿದಿರು ಗಾಳ

ಮಗುವಿಗೆ ಏಳೆಂಟು ಫೂಟಿನ ಕೋಲು ಸಾಕು. ದೊಡ್ಡವರ ಹನ್ನೆರಡು ಫೂಟಿನದನ್ನು ಕೊಟ್ಟರೆ ಐದು ನಿಮಿಷಕ್ಕೆ ಕೈ ಸೋತು ತುದಿ ನೀರಿಗೆ ಬೀಳುತ್ತದೆ. ಹಸಿ ಬಿದಿರು ಭಾರ. ಮೂರ್ನಾಲ್ಕು ವಾರ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಸೀಳು ಬಿಡುತ್ತದೆ, ಆ ಸೀಳಿನ ಸಿಬಿರು ಮಗುವಿನ ಅಂಗೈ ಸೇರುತ್ತದೆ. ಗೆಣ್ಣುಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ ನುಣುಪು ಮಾಡಿ.

ನೈಲಾನ್ ದಾರ 0.25 ಮಿಲಿಮೀಟರಿನದು. ಉದ್ದ ಕೋಲಿಗಿಂತ ಒಂದು ಗೇಣು ಕಡಿಮೆ. ಇದಕ್ಕೆ ಕಾರಣವಿದೆ: ಕೋಲು ನೆಟ್ಟಗೆ ಎತ್ತಿದಾಗ ಕೊಕ್ಕೆ ತಾನಾಗಿ ಕೈಗೆ ಬರುತ್ತದೆ. ದಾರ ಉದ್ದವಾದರೆ ಕೊಕ್ಕೆ ಮುಖದ ಪಕ್ಕದಿಂದ ಹಾರಿ ಹಿಂದಿನ ಜಾಲಿಗಿಡಕ್ಕೆ ಸಿಗುತ್ತದೆ. ದಾರವನ್ನು ತುದಿಗಷ್ಟೇ ಕಟ್ಟಬೇಡಿ. ತುದಿಯಿಂದ ಒಂದು ಮೊಳ ಕೆಳಗೆ ಕಟ್ಟಿ, ಕೋಲಿಗೆ ಸುತ್ತಿಕೊಂಡು ಹೋಗಿ ತುದಿಯಲ್ಲಿ ಇನ್ನೊಂದು ಗಂಟು ಹಾಕಿ. ತುದಿ ಮುರಿದರೂ ಮೀನು ದಾರದಲ್ಲೇ ಉಳಿಯುತ್ತದೆ.

ಕೊಕ್ಕೆ 10ನೇ ನಂಬರಿನದು. ನಂಬರು ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು, ಅಂಗಡಿಯಲ್ಲಿ ಇದು ತಲೆಕೆಳಗಾಗಿ ಕೇಳಿಸುತ್ತದೆ. ಮನೆಯಲ್ಲೇ ಇಕ್ಕಳದಿಂದ ಕೊಕ್ಕೆಯ ಒಳಮುಳ್ಳನ್ನು ಒತ್ತಿ ಮಟ್ಟಸ ಮಾಡಿಕೊಳ್ಳಿ. ದಾರ ಸಡಿಲ ಬಿಟ್ಟಾಗ ಕೆಲವು ಮೀನು ತಪ್ಪಿಸಿಕೊಳ್ಳುತ್ತವೆ, ಹೋಗಲಿ. ಬೆರಳಿಗೆ ಚುಚ್ಚಿದರೆ ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಕೊಕ್ಕೆ ಕಟ್ಟುವಾಗ ದಾರವನ್ನು ಕಣ್ಣಿನಲ್ಲಿ ತೂರಿಸಿ, ಐದಾರು ಸುತ್ತು ಹೊಸೆದು, ಕಣ್ಣಿನ ಬಳಿಯ ಕುಣಿಕೆಯಲ್ಲಿ ಹಿಂದಕ್ಕೆ ಹಾಯಿಸಿ, ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಯಬೇಕು. ಒಣ ದಾರವನ್ನು ಜಗ್ಗಿ ಬಿಗಿದರೆ ತಿಕ್ಕಾಟದ ಬಿಸಿಗೆ ನೈಲಾನ್ ಅಲ್ಲೇ ಸೊರಗುತ್ತದೆ, ಮುಂದೆ ಹರಿಯುವುದೂ ಅಲ್ಲೇ.

ತೇಲುವ ಬೆಂಡನ್ನು ಕೊಳ್ಳಬೇಡಿ. ಕಣಿಕೆ ಬಣವೆಯಿಂದ ದಪ್ಪನೆಯ ಒಂದು ಜೋಳದ ದಂಟು ಎಳೆದು, ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ಎರಡು ಇಂಚು ಕತ್ತರಿಸಿ, ದಬ್ಬಳದಿಂದ ತೂತು ಮಾಡಿ ದಾರ ಹಾಯಿಸಿ. ತೂತಿಗೆ ಬೆಂಕಿಕಡ್ಡಿಯ ತುಂಡು ತುರುಕಿದರೆ ಬೆಂಡು ಬೇಕಾದಲ್ಲಿ ನಿಲ್ಲುತ್ತದೆ. ಹಾಗೇ ಬಿಟ್ಟರೆ ಬೆಂಡು ನೀರು ಕುಡಿದು ತಾಸಿನೊಳಗೆ ಮುಳುಗಲು ಹತ್ತುತ್ತದೆ. ಕರಗಿದ ಮೇಣದಬತ್ತಿಯಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಈ ಕೆಲಸವನ್ನು ಹಿಂದಿನ ಸಂಜೆ ಮಗುವಿನಿಂದಲೇ ಮಾಡಿಸಬೇಕು, ದಬ್ಬಳ ಮಾತ್ರ ನಿಮ್ಮ ಕೈಯಲ್ಲಿರಲಿ. ತಾನು ಮಾಡಿದ ಬೆಂಡನ್ನು ಮಗು ಅಂಗಡಿಯ ಬೆಂಡಿಗಿಂತ ಹೆಚ್ಚು ಹೊತ್ತು ನೋಡುತ್ತದೆ.

ಕೊಕ್ಕೆಯಿಂದ ನಾಲ್ಕು ಬೆರಳು ಮೇಲೆ ಸಣ್ಣ ಸೀಸದ ಗುಂಡು ಕಚ್ಚಿಸಿ. ನೀರಿನ ಮೇಲೆ ಬೆಂಡು ಅರ್ಧ ಇಂಚು ಕಾಣಬೇಕು. ಅಡ್ಡ ಮಲಗಿದರೆ ಗುಂಡಿನ ಭಾರ ಸಾಲದು, ಇಲ್ಲವೇ ಗುಂಡು ನೆಲ ಮುಟ್ಟಿದೆ. ದಂಡೆಯ ಬಳಿ ಎರಡು ಮೂರು ಫೂಟಿನ ಆಳ ಜಿಲೇಬಿ (ತಿಲಾಪಿಯಾ) ಮೀನಿಗೆ ಸರಿ.

ಎರೆಹುಳು ಎಲ್ಲ ಮೀನಿಗೂ ನಡೆಯುತ್ತದೆ, ಆದರೆ ಎರಿಮಣ್ಣಿನ ಹೊಲದಲ್ಲಿ ಬೇಸಿಗೆಗೆ ಸಿಗುವುದಿಲ್ಲ. ಆಗ ಹಿಟ್ಟೇ ಗತಿ. ಒಂದು ಬಟ್ಟಲು ಗೋಧಿ ಹಿಟ್ಟು, ಅರ್ಧ ಬಟ್ಟಲು ಕುಟ್ಟಿದ ಶೇಂಗಾ ಹಿಂಡಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗುವಷ್ಟೇ ನೀರು. ಬೆಳಗಿನ ಬಿಸಿಲಿಗೆ ಹಿಟ್ಟು ಸಡಿಲಾಗಿ ಕೊಕ್ಕೆಯಿಂದ ಜಾರುತ್ತದೆ. ಅದಕ್ಕೆ ಬತ್ತಿಯಷ್ಟು ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ನಾದುವಾಗಲೇ ಸೇರಿಸಿ. ಕಡಲೆಕಾಳಿನಷ್ಟು ಉಂಡೆ ಸಾಕು. ಮಕ್ಕಳು ಲಿಂಬೆಹಣ್ಣಿನಷ್ಟು ಕಟ್ಟುತ್ತಾರೆ, ಮೀನು ಅದನ್ನು ಸುತ್ತಲಿನಿಂದ ತಿಂದು ಹೋಗುತ್ತದೆ. ಮಿಕ್ಕ ಹಿಂಡಿಯನ್ನು ಮುಷ್ಟಿಯಷ್ಟು ಒದ್ದೆ ಮಾಡಿ ಬೆಂಡಿನ ಸುತ್ತ ಎರಚಿ.

ಇನ್ನು ಬೆಂಡು ಓದುವುದು. ಟಿಕ್ ಟಿಕ್ ಎಂದು ಕುಣಿದು ನಿಂತರೆ ಸಣ್ಣ ಮೀನು ಹಿಟ್ಟು ಕುಟುಕುತ್ತಿವೆ, ಎತ್ತಬಾರದು. ನಡುಗಿ, ಆಮೇಲೆ ಓರೆಯಾಗಿ ಜಾರಿಕೊಂಡು ಹೋದರೆ ಜಿಲೇಬಿ, ಎತ್ತಬೇಕು. ಬೆಂಡು ಮುಳುಗದೆ ಮೇಲಕ್ಕೇ ಎದ್ದು ಅಡ್ಡ ಬಿದ್ದರೆ ತಳದಲ್ಲಿ ಮೇಯುವ ಮೀನು ಗುಂಡಿನ ಸಮೇತ ಹಿಟ್ಟನ್ನು ಎತ್ತಿಕೊಂಡಿದೆ. ದೊಡ್ಡವರೂ ಇಲ್ಲೇ ತಪ್ಪುತ್ತಾರೆ, ಮುಳುಗಲಿ ಎಂದು ಕಾಯುತ್ತಾರೆ. ಮಗುವಿಗೆ ಹೇಳಿಕೊಡುವ ಮಾತು ಒಂದೇ: "ಜಗ್ಗಬ್ಯಾಡ, ಎತ್ತು." ಮಣಿಕಟ್ಟು ಆಡಬೇಕು, ಭುಜವಲ್ಲ. ಬೆಂಡು ಸುಮ್ಮನಿರುವ ಹೊತ್ತಿನಲ್ಲಿ ಮಾತು ತಾನಾಗಿ ಹೊರಡುತ್ತದೆ. ಮನೆಯಲ್ಲಿ "ಸಾಲ್ಯಾಗ ಏನಾತು?" ಎಂದರೆ "ಏನಿಲ್ಲ" ಎನ್ನುವ ಮಗು ಇಲ್ಲಿ ಕಣ್ಣು ನೀರಿನ ಮೇಲಿಟ್ಟುಕೊಂಡು ತಾನಾಗಿ ಹೇಳುತ್ತದೆ. ನಡುವೆ "ಅಪ್ಪಾ, ಎಳದೈತಿ!" ಎಂದು ಮಾತು ಮುರಿದರೆ ಮುರಿಯಲಿ.

ಬಿದಿರು ಸೋಲುವುದು ಗಾಳಿಗೆ. ಮುಂಗಾರಿನ ಗಾಳಿ ಬಿಟ್ಟಾಗ ಹಿನ್ನೀರಿನಲ್ಲಿ ಎದ್ದ ತೆರೆಯ ನಡುವೆ ಬೆಂಡು ಕಾಣುವುದೇ ಇಲ್ಲ. ದೊಡ್ಡ ಮೀನಿಗೂ ಅದು ಸೋಲುತ್ತದೆ: ಎರಡು ಕಿಲೋ ರೋಹು ಸಿಕ್ಕಿದರೆ ಬಿಟ್ಟುಕೊಡಲು ದಾರವಿಲ್ಲ, ಹರಿಯುತ್ತದೆ. ಮತ್ತೊಂದು ಅಪಾಯ ಪಂಪ್‌ಸೆಟ್ಟಿನ ತಂತಿ. ಹೊಲದ ದಂಡೆಯಲ್ಲಿ ಜೋತುಬಿದ್ದ ವಿದ್ಯುತ್ ತಂತಿಯ ಕೆಳಗೆ ಯಾವ ಗಾಳವನ್ನೂ ಎತ್ತಬಾರದು. ಕಾರ್ಬನ್ ಫೈಬರಿನ ಮಡಚುಕೋಲು ವಿದ್ಯುತ್ತನ್ನು ಸರಾಗ ಹಾಯಿಸುತ್ತದೆ, ಒದ್ದೆ ಬಿದಿರೂ ಕಡಿಮೆಯೇನಿಲ್ಲ.

ಕೈದಾರ

ಮೂರರಲ್ಲಿ ಅಗ್ಗದ್ದು ಇದೇ, ಮೀನಿನ ನಡೆಯನ್ನು ಬೆರಳಿಗೇ ಹೇಳುವುದೂ ಇದೇ. ಕೈ ಕೊಯ್ಯುವುದೂ ಇದೇ. ಹಾಗಾಗಿ ಹತ್ತರ ನಂತರ.

0.40 ಮಿಲಿಮೀಟರಿನ ದಾರ 30 ಮೀಟರ್. ಸುತ್ತಲು ಒಂದು ಲೀಟರಿನ ಗಟ್ಟಿ ಬಾಟಲಿ ಬೇಕು. ಬಸ್‌ಸ್ಟ್ಯಾಂಡಿನ ನೀರಿನ ಬಾಟಲಿ ದಾರದ ಬಿಗಿತಕ್ಕೆ ನಡುವೆ ಚಪ್ಪಟೆಯಾಗುತ್ತದೆ. ತುದಿಗೆ 20 ಗ್ರಾಂ ಭಾರ, ಸೀಸವಿಲ್ಲದಿದ್ದರೆ ಹಳೆಯ ಕಬ್ಬಿಣದ ನಟ್ಟು. ಅದರ ಮೇಲೆ ಒಂದು ಗೇಣು ಬಿಟ್ಟು ಕವಲು ದಾರಕ್ಕೆ ಕೊಕ್ಕೆ. ಭಾರವನ್ನು ಮಾತ್ರ 0.20ರ ತೆಳು ದಾರದಿಂದ ಕಟ್ಟಿ. ಆಲಮಟ್ಟಿ ಹಿನ್ನೀರಿನ ತಳದಲ್ಲಿ ಮುಳುಗಿದ ಹೊಲದ ಬದು, ಜಾಲಿ ಬೊಡ್ಡೆ ಇರುತ್ತವೆ. ಸಿಕ್ಕಿಕೊಂಡಾಗ ನಟ್ಟು ಹೋಗುತ್ತದೆ, ಉಳಿದದ್ದು ಕೈಗೆ ಬರುತ್ತದೆ.

ಎಸೆಯುವಾಗ ಬಾಟಲಿಯ ಕುತ್ತಿಗೆ ಹಿಡಿದು ತಳವನ್ನು ನೀರಿನ ಕಡೆ ಮಾಡಿದರೆ ದಾರ ತಡೆಯಿಲ್ಲದೆ ಬಿಚ್ಚಿಕೊಳ್ಳುತ್ತದೆ. ಭಾರವನ್ನು ತಲೆಯ ಮೇಲೆ ಗರಗರ ತಿರುಗಿಸಲು ಬಿಡಬೇಡಿ. ಮೊಣಕಾಲಿನ ಮಟ್ಟದಲ್ಲಿ ಹಿಂದೆ ಮುಂದೆ ತೂಗಿ ಬಿಟ್ಟರೆ ಹತ್ತು ಮೀಟರ್ ಹೋಗುತ್ತದೆ, ಮಗುವಿಗೆ ಅಷ್ಟು ಸಾಕು. ಆಮೇಲೆ ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಕೂರುವುದು. ಟಕ್ ಟಕ್ ಎಂದರೆ ಜಿಲೇಬಿ. ಝಾಡಿಸದೆ ಒಂದೇ ಸಮ ಭಾರವಾದರೆ ಏಡಿ. ನಿಧಾನವಾಗಿ ಜಗ್ಗುತ್ತ ಜೋರಾದರೆ ಮೃಗಾಲವೋ ರೋಹುವೋ, ದಾರವನ್ನು ದೊಡ್ಡವರು ತಕ್ಷಣ ಹಿಡಿಯಬೇಕು. ಅಂಗೈಗಾಗಲಿ ಬೆರಳಿಗಾಗಲಿ ದಾರ ಸುತ್ತಿಕೊಳ್ಳುವಂತಿಲ್ಲ. ಹಳೆ ಧೋತರದ ಪಟ್ಟಿಯನ್ನು ತೋರುಬೆರಳಿಗೆ ಕಟ್ಟಿ, ಓಡುವ ಮೀನಿಗೆ ದಾರ ಬಿಡುವುದನ್ನು ಕಲಿಸಿ.

ಇಲ್ಲಿ ಅಪ್ಪ-ಮಕ್ಕಳ ಜೋಡಿಗೆ ಒಂದು ಲಾಭವಿದೆ: ಒಂದೇ ದಾರವನ್ನು ಇಬ್ಬರೂ ಬೆರಳಿನಲ್ಲಿ ಹಿಡಿಯಬಹುದು. ಮೀನೋ ಏಡಿಯೋ ಎಂಬ ವಾದ ಇಡೀ ಬೆಳಗು ನಡೆಯುತ್ತದೆ. ಬೇಜಾರಾದರೆ ದಾರವನ್ನು ನೆಟ್ಟ ಕೋಲಿಗೆ ಸಿಗಿಸಿ ಒಂದು ಗೆಜ್ಜೆ ಕಟ್ಟಿ, ರೊಟ್ಟಿ ತಿನ್ನಿ.

ರೀಲ್ ರಾಡ್

ಆರು ಫೂಟಿನ ರಾಡು, 2000 ನಂಬರಿನ ರೀಲು, ಇದಕ್ಕಿಂತ ದೊಡ್ಡದು ಮಗುವಿಗೆ ಭಾರ. ತೊಂದರೆ ಸಲಕರಣೆಯದಲ್ಲ, ಎಸೆಯುವಾಗ ಬೆರಳು ದಾರ ಬಿಡುವ ಕ್ಷಣದ್ದು. ಬೇಗ ಬಿಟ್ಟರೆ ಭಾರ ಆಕಾಶಕ್ಕೆ, ತಡವಾದರೆ ಕಾಲ ಬುಡಕ್ಕೆ. ಎಂಟು ವರ್ಷದವರಿಗೆ ಇದು ಒಗ್ಗುವಷ್ಟರಲ್ಲಿ ಬಿಸಿಲು ಏರಿರುತ್ತದೆ, ಅಪ್ಪ ಮೆಕ್ಯಾನಿಕ್ ಆಗಿರುತ್ತಾನೆ.

ದಾರ ಸಿಕ್ಕಾಗುವುದಕ್ಕೆ ಹೆಚ್ಚಾಗಿ ಮೂರು ಕಾರಣ. ಸುರುಳಿಯಲ್ಲಿ ದಾರ ಅಂಚಿನವರೆಗೂ ತುಂಬಿದೆ. ಎರಡು ಮಿಲಿಮೀಟರ್ ಖಾಲಿ ಇರಬೇಕು. ಎಸೆಯುವಾಗ ತೆರೆದಿದ್ದ, ದಾರವನ್ನು ಸುರುಳಿಗೆ ಸುತ್ತಿಸುವ ತಂತಿಯ ಬಳೆಯನ್ನು ಹಿಡಿಕೆ ತಿರುಗಿಸಿ ಮುಚ್ಚಿದ್ದಾರೆ. ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಬಿಗಿ ಎಳೆದು ಆಮೇಲೆ ಸುತ್ತಬೇಕು. ಮೀನು ದಾರ ಎಳೆದುಕೊಂಡು ಓಡುತ್ತಿರುವಾಗಲೂ ಮಗು ಹಿಡಿಕೆ ತಿರುಗಿಸುತ್ತಲೇ ಇದೆ. ಆಗ ದಾರ ಒಳಕ್ಕೆ ಬರುವುದಿಲ್ಲ, ಬರೀ ಹುರಿಗೊಳ್ಳುತ್ತದೆ. ಗುಂಡಿ ಒತ್ತಿ ಎಸೆಯುವ ಮುಚ್ಚಿದ ರೀಲು ಎಸೆಯಲು ಸುಲಭ ನಿಜ, ಅಗ್ಗದವುಗಳ ಹಲ್ಲುಚಕ್ರ ಪ್ಲಾಸ್ಟಿಕ್, ಗಂಟು ಬಿದ್ದರೆ ಮುಚ್ಚಳದೊಳಗೆ ಕಾಣದಂತೆ ಬೀಳುತ್ತದೆ.

ಆದರೂ ಗಾಳಿಯ ದಿನ, ದೂರದ ಮೀನು, ಎರಡು ಮೂರು ಕಿಲೋದ ಕಟ್ಲಾ, ಇವಕ್ಕೆ ರೀಲೇ ಸೈ. ಬೆಂಡು ನೋಡುತ್ತ ಕೂರಲು ಒಲ್ಲೆ ಎನ್ನುವ ಹದಿಮೂರರ ಹುಡುಗ ಹುಡುಗಿಯರಿಗೂ ಅದೇ. ಮೊದಲು ಕೊಯ್ಲಾದ ಹೊಲದಲ್ಲಿ ಕೊಕ್ಕೆಯಿಲ್ಲದೆ, ಬರೀ ನಟ್ಟು ಕಟ್ಟಿ ಎಸೆಯುವುದನ್ನು ರೂಢಿ ಮಾಡಿಸಿ. ನೀರಿನ ದಂಡೆಯಲ್ಲಿ ಇಬ್ಬರಿಗೂ ಟೋಪಿ, ಕನ್ನಡಕ.

ಎಲ್ಲಿ ಕೂರುವುದು

ಕಾಂಕ್ರೀಟ್ ಕಾಲುವೆ ಬೇಡವೇ ಬೇಡ. ಇಳಿಜಾರಿನಲ್ಲಿ ಪಾಚಿ, ಜಾರಿದವರಿಗೆ ಹಿಡಿಯಲು ಏನೂ ಇಲ್ಲ, ಈಜು ಬಲ್ಲ ದೊಡ್ಡವರಿಗೂ ಹತ್ತಿ ಬರಲಾಗುವುದಿಲ್ಲ. ಆಣೆಕಟ್ಟಿನ ಗೇಟಿನ ಕೆಳಗೂ ಬೇಡ, ನೀರು ಬಿಟ್ಟರೆ ಮಟ್ಟ ಏಕಾಏಕಿ ಏರುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ: ಅಲ್ಲಿ ಹಗಲಿನಲ್ಲಷ್ಟೇ, ಅದೂ ಊರವರನ್ನು ಕೇಳಿ, ನೀರಿಗೆ ಕಾಲಿಡದೆ, ಮೀನು ತೊಳೆದ ಕರುಳು ದಂಡೆಯಲ್ಲಿ ಬಿಡದೆ. ಗೋಕಾಕ ತಾಲೂಕಿನ ಧೂಪದಾಳ ಪಕ್ಷಿಧಾಮ, ಅಲ್ಲಿ ಗಾಳ ಬಿಚ್ಚಲೇಬಾರದು. ಊರ ಕೆರೆಯ ಮೀನು ಗುತ್ತಿಗೆ ಹಿಡಿದವರದು, ಮೊದಲು ಅವರನ್ನು ಕೇಳಿ. ಜಲಾಶಯವಾದರೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಆಲಮಟ್ಟಿಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಅಲ್ಲಿಂದ ನೀರು ಇಳಿಯತೊಡಗಿದ ಮೇಲೆ ದಂಡೆಯ ಎರಿಮಣ್ಣು ಮೇಲೆ ಒಣಗಿ ಬಿರಿದಿರುತ್ತದೆ, ಕೆಳಗೆ ಕೆಸರು ಹಾಗೇ ಇರುತ್ತದೆ. ಓಡಿದ ಮಗು ಮೊಣಕಾಲವರೆಗೆ ಹೂತುಹೋಗುತ್ತದೆ. ಕೋಲಿನಿಂದ ಚುಚ್ಚಿ ನೋಡಿ, ಗರಸು ಅಥವಾ ಕಲ್ಲು ಇದ್ದಲ್ಲೇ ಕೂರಿ.

ಮೀಸೆ ಇರುವ ಮೀನನ್ನು ಮಗು ಮುಟ್ಟಬಾರದು. ಚೇಳು ಮೀನಿನ ಪಕ್ಕದ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿನೀರಿನಲ್ಲಿ ಅರ್ಧ ತಾಸಿಗೂ ಹೆಚ್ಚು ಇಟ್ಟರೆ ಉರಿ ಇಳಿಯುತ್ತದೆ. ನೀರಿನ ಬಿಸಿಯನ್ನು ಮೊದಲು ನಿಮ್ಮ ಕೈಯಲ್ಲಿ ನೋಡಿ, ಆಮೇಲೆ ಡಾಕ್ಟರಿಗೆ ತೋರಿಸಿ.

ರಾತ್ರಿ: ಟೆಂಟೋ, ಹೊರಸೋ

ಮಕ್ಕಳು ಕೇಳುವುದು ಟೆಂಟನ್ನೇ. ಎರಿಮಣ್ಣು ಒದ್ದೆಯಿದ್ದಾಗ ಗೂಟ ನಿಲ್ಲುವುದಿಲ್ಲ, ಬಿರಿದಾಗ ಸಂದಿಯಲ್ಲಿ ಅಲ್ಲಾಡುತ್ತದೆ. ಹಗ್ಗಗಳನ್ನು ಕಲ್ಲಿಗೆ ಕಟ್ಟಬೇಕು. ಇಬ್ಬರಿಗೆ ಮೂವರ ಟೆಂಟ್ ತನ್ನಿ, ಕಿಟಕಿ ಪೂರ್ತಿ ಮುಚ್ಚಿದರೆ ಚಳಿಗಾಲದ ಬೆಳಗ್ಗೆ ಉಸಿರಿನ ತೇವವೇ ಒಳಗಿನಿಂದ ತೊಟ್ಟಿಕ್ಕುತ್ತದೆ. ಜಾಲಿ ಮುಳ್ಳು ತಳವನ್ನು ತೂತು ಮಾಡುತ್ತದೆ.

ಪರಿಚಯದವರ ಹೊಲದ ಗುಡಿಸಲಿನ ಮುಂದೆ ಹೊರಸು ಹಾಕಿ, ಕೌದಿ ಹಾಸಿ, ಸೊಳ್ಳೆ ಪರದೆಯ ಅಂಚನ್ನು ಕೌದಿಯ ಕೆಳಗೆ ಸುತ್ತಲೂ ಸಿಗಿಸಿ ಮಲಗುವುದು ನಮ್ಮ ಆಯ್ಕೆ. ನೆಲದಲ್ಲಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವ ಕಟ್ಟುಹಾವಿಗೆ ಹೊರಸು ಮತ್ತು ಪರದೆ ಒಳ್ಳೆಯ ತಡೆ. ಚಪ್ಪಲಿ ಝಾಡಿಸಿ ಹಾಕಿಕೊಳ್ಳುವುದು, ಬ್ಯಾಟರಿ ಇಲ್ಲದೆ ಇಳಿಯದಿರುವುದು, ಇವೆರಡಕ್ಕೆ ರಿಯಾಯಿತಿ ಇಲ್ಲ. ಟೆಂಟಿನ ಹಟ ಬಿಡದಿದ್ದರೆ ಸಂಜೆ ಆಟಕ್ಕೆ ಕಟ್ಟಿಕೊಡಿ, ಮಲಗುವುದು ಹೊರಸಿನ ಮೇಲೆ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮೀನು ಸಿಕ್ಕೀತೆಂದು ನಂಬಿ ಡಬ್ಬಿ ಬಿಟ್ಟು ಹೋಗಬೇಡಿ.

ಮಕ್ಕಳು ಇಬ್ಬರಿದ್ದರೆ ಎರಡೂ ಬಿದಿರೇ ಇರಲಿ, ನಡುವೆ ಹದಿನೈದು ಫೂಟು ಬಿಟ್ಟು ಕೂರಿಸಿ, ನೀವು ನಡುವೆ. ಒಬ್ಬರಿಗೆ ಬಿದಿರು, ಇನ್ನೊಬ್ಬರಿಗೆ ರೀಲು ಕೊಟ್ಟಿರೋ, ಬೆಳಗೆಲ್ಲ ಅದರ ಪಂಚಾಯಿತಿಯೇ ಆಗುತ್ತದೆ.