ಡಾಸ್ ಬ್ಯಾಚ್ ಫೈಲಿಗೆ ಕೀ ಓದಲು ಕಲಿಸಿದ 8 ಬೈಟ್

1993ರಲ್ಲಿ ಮೈಕ್ರೋಸಾಫ್ಟ್‌ನ ಹಳೆಯ ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್ 6.0 ಜೊತೆ, ಒತ್ತಿದ ಕೀ ಯಾವುದು ಅಂತ ತಿಳಿಸುವ ಚಾಯ್ಸ್ ಕಮಾಂಡ್ ಬರುವವರೆಗೂ ಬ್ಯಾಚ್ ಫೈಲಿನಲ್ಲಿ (ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್) ಮೆನು ಮಾಡುವುದು ದೊಡ್ಡ ತಲೆನೋವಾಗಿತ್ತು. ಪಾಜ್ (PAUSE) ಕಮಾಂಡ್ ಕೀ ಒತ್ತುವವರೆಗೆ ಕಾಯುತ್ತದೆ, ಆದರೆ ಯಾವ ಕೀ ಅಂತ ಹೇಳುವುದಿಲ್ಲ. ಇದಕ್ಕೆ ಜನ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ: ಡಾಸ್ ಜೊತೆಗೇ ಬರುವ ಡಿಬಗ್ ಎಂಬ ಪ್ರೋಗ್ರಾಂನಲ್ಲಿ ನಾಲ್ಕು ಸಾಲು ಅಸೆಂಬ್ಲಿ (ಪ್ರೊಸೆಸರಿಗೆ ನೇರವಾಗಿ ಕೊಡುವ ಸೂಚನೆಗಳು) ಬರೆದು, 8 ಬೈಟ್‌ನ ಪುಟ್ಟ ಕಾಮ್ (.COM) ಪ್ರೋಗ್ರಾಂ ಫೈಲ್ ಮಾಡಿಕೊಳ್ಳುವುದು.

ಇದರ ಜಾಣತನ ನೋಡಿ. ಡಾಸ್‌ನಿಂದ ಕೆಲಸ ಮಾಡಿಸಿಕೊಳ್ಳುವ ಇಂಟರಪ್ಟ್ 21ರ (ಹೆಕ್ಸ್ ಸಂಖ್ಯೆ) 8ನೇ ಫಂಕ್ಷನ್ ಒತ್ತಿದ ಕೀಯ ಆಸ್ಕಿ ಸಂಖ್ಯೆಯನ್ನು (ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆ) ಪ್ರೊಸೆಸರಿನ ಎಎಲ್ ರಿಜಿಸ್ಟರಿನಲ್ಲಿ ಇಡುತ್ತದೆ, ಪ್ರೋಗ್ರಾಂ ಮುಗಿಸುವ 4ಸಿ ಫಂಕ್ಷನ್ ಅದೇ ಎಎಲ್‌ನಲ್ಲಿ ಇರುವುದನ್ನು ಎಕ್ಸಿಟ್ ಕೋಡ್ (ಮುಗಿಯುವಾಗ ಬಿಟ್ಟುಹೋಗುವ ಸಂಖ್ಯೆ) ಆಗಿ ತೆಗೆದುಕೊಳ್ಳುತ್ತದೆ, ಹಾಗಾಗಿ ಮಧ್ಯೆ ಒಂದು ಬೈಟೂ ಜಾಸ್ತಿ ಬೇಕಿಲ್ಲ. ಎಷ್ಟು ಚೊಕ್ಕ ಅಲ್ವಾ!

ಆಮೇಲೆ ಬ್ಯಾಚ್ ಫೈಲಿನಲ್ಲಿ ಆ ಕೋಡನ್ನು ಪರೀಕ್ಷಿಸುವ ಎರರ್‌ಲೆವೆಲ್ ನೋಡಿದರೆ ಸಾಕು. ಆದರೆ ಹುಷಾರು, ಅದು 'ಇಷ್ಟು ಅಥವಾ ಇದಕ್ಕಿಂತ ಹೆಚ್ಚು' ಅಂತಲೇ ಪರೀಕ್ಷಿಸುತ್ತದೆ, ಅದಕ್ಕೆ ದೊಡ್ಡ ಸಂಖ್ಯೆಯಿಂದ ಕೆಳಗೆ ಬರಬೇಕು. ದೊಡ್ಡಕ್ಷರದ ವೈ 89, ಸಣ್ಣಕ್ಷರದ್ದು 121, ಎರಡನ್ನೂ ಬೇರೆ ಬೇರೆ ನೋಡಬೇಕು.

ನಿಜವಾದ ಕೊರತೆ ಫಂಕ್ಷನ್ ಕೀಗಳದ್ದು. ಎಫ್1 ಒತ್ತಿದರೆ ಮೊದಲು 0 ಬರುತ್ತದೆ, ಅದೇ ಕೀಯ ಎರಡನೇ ಸಂಖ್ಯೆಯಾದ 59 ಮುಂದಿನ ಸಲ ಓದುವಾಗ ಸುಮ್ನೆ ನುಸುಳುತ್ತದೆ. ಬಾಣದ ಕೀಗಳೂ ಹಾಗೇ. ಇಷ್ಟು ಸೆಕೆಂಡ್ ಮಾತ್ರ ಕಾಯಿ ಅಂತ ಹೇಳಲೂ ಆಗುವುದಿಲ್ಲ, ಅದು ಬೇಕಾದವರಿಗೆ ಚಾಯ್ಸೇ ಸರಿ. 5.0 ಅಥವಾ ಅದಕ್ಕೂ ಹಳೆಯ ಡಾಸ್ ಓಡಿಸುವವರು ಮಾತ್ರ ಇದನ್ನು ಖಂಡಿತ ಇಟ್ಟುಕೊಳ್ಳಿ.